ನುಂಗಿದ ಮಾತಿನ ಅಳತೆ

ಕಿವಿಮಣಿ ಆ ಊರಿಗೆ ಬಂದದ್ದು ಒಳ್ಳೆಯದಕ್ಕೇ. ಘಟಪ್ರಭೆಯ ದಂಡೆಯ ನೇಕಾರರ ಊರು ಅದು. ಓಣಿ ತುಂಬ ಶೆಡ್ಡು, ಶೆಡ್ಡಿನ ತುಂಬ ಯಂತ್ರಮಗ್ಗ. ಹುಟ್ಟಿದ ಕೂಸೂ ಆ ಸದ್ದಿನಲ್ಲೇ ನಿದ್ದೆ ಕಲಿಯುತ್ತಿತ್ತು. ನಡುವಯಸ್ಸು ದಾಟುವಷ್ಟರಲ್ಲಿ ಹಿರಿಯರಿಗೆ ಕಿವಿ ಮಂದ, ಮಕ್ಕಳಿಗೆ ಕಿವಿ ಸೋರು. ಎಣ್ಣೆ ಕಾಸಿ ಹಾಕುವುದೊಂದೇ ಔಷಧವೆಂದುಕೊಂಡಿದ್ದ ಜನಕ್ಕೆ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಮಣಿ ಹಂಚಿದರು. ಜೋಳದ ಕಾಳಿಗಿಂತ ತುಸು ದೊಡ್ಡದು. ಒಮ್ಮೆ ಕಿವಿಯೊಳಗೆ ಕೂತರೆ ಹಾಕಿಕೊಂಡದ್ದೇ ಮರೆತುಹೋಗುತ್ತಿತ್ತು.

ಅದು ಮಾಡುವ ಕೆಲಸ ಸರಳ. ಒಳಗೆ ಸಣ್ಣಗೆ ಗುಂಯ್ ಎಂದು ಒಂದು ಶಬ್ದ ಬಿಡುತ್ತದೆ. ಕಿವಿಯ ತಮಟೆ ಅದರಲ್ಲಿ ಎಷ್ಟನ್ನು ಒಳಗೆ ಬಿಟ್ಟುಕೊಂಡಿತು, ಎಷ್ಟನ್ನು ಹಿಂದಕ್ಕೆ ದೂಡಿತು ಎಂದು ಅಳೆಯುತ್ತದೆ. ತಮಟೆಯ ಆಚೆ ನಡುಗಿವಿಯಲ್ಲಿ ನೀರು ನಿಂತಿದ್ದರೆ ಶಬ್ದ ಬಂದ ದಾರಿಯಲ್ಲೇ ಮರಳುತ್ತದೆ. ತಮಟೆ ತೂತಾಗಿದ್ದರೆ ಆಚೆಯ ಟೊಳ್ಳೂ ಅಳತೆಗೆ ಸೇರಿಬಿಡುತ್ತದೆ. ಅಲ್ಲಿರುವ ಮೂರು ಪುಟ್ಟ ಎಲುಬುಗಳಲ್ಲಿ ಒಂದು ಅಂಟಿಕೊಂಡರೂ ಮರಳುವ ಶಬ್ದದ ರೀತಿಯೇ ಬೇರೆ. ಸೂಜಿಯಿಲ್ಲ, ನೋವಿಲ್ಲ. ಕೆಲವೇ ವರ್ಷಗಳಲ್ಲಿ ಊರಿನ ಮಕ್ಕಳ ಕಿವಿ ಸೋರುವುದು ನಿಂತಿತು. ಇದನ್ನು ಯಾರೂ ಇಲ್ಲವೆನ್ನುವಂತಿಲ್ಲ.

ಆ ಎಲುಬುಗಳಲ್ಲಿ ಕೊನೆಯದನ್ನು ಒಂದು ಸ್ನಾಯು ಹಿಡಿದುಕೊಂಡಿರುತ್ತದೆ. ಮೈಯಲ್ಲಿರುವ ಸ್ನಾಯುಗಳಲ್ಲೆಲ್ಲ ಚಿಕ್ಕದು, ನೂಲಿನ ಎಳೆಯಷ್ಟು. ದೊಡ್ಡ ಸದ್ದು ಬಂದಾಗ ಅದು ಬಿಗಿದು ಒಳಗಿವಿಯ ನರಗಳನ್ನು ಕಾಯುತ್ತದೆ. ಅದಕ್ಕೆ ಇನ್ನೊಂದು ಕೆಲಸವೂ ಉಂಟು. ಮನುಷ್ಯ ಮಾತಾಡಲು ಹೊರಟನೆಂದರೆ, ದನಿ ಬಾಯಿಗೆ ಬರುವ ಮೊದಲೇ ಅದು ಬಿಗಿಯುತ್ತದೆ. ನಮ್ಮ ದನಿ ನಮ್ಮ ಕಿವಿಗೇ ಹೊಡೆಯಬಾರದಲ್ಲ. ಮಣಿಗೆ ಇದೂ ಕಾಣುತ್ತಿತ್ತು. ಬಿಗಿದ ಮೇಲೆ ದನಿ ಬಂದರೆ ಅದು ಆಡಿದ ಮಾತು. ಬಿಗಿದೂ ದನಿ ಬರದಿದ್ದರೆ ಅದಕ್ಕೆ, ಊರಿನ ಮಣಿಗಳ ಅಳತೆಯೆಲ್ಲ ಹೋಗಿ ಸೇರುವ ಕಿವಿ ಕೇಂದ್ರದವರು, 'ನುಂಗಿದ ಮಾತು' ಎಂದು ಹೆಸರಿಟ್ಟರು.

ಆ ಲೆಕ್ಕವನ್ನು ಮೊದಲು ಕೇಳಿ ಪಡೆದವರು ಶೆಡ್ಡಿನ ಮಾಲಕರು. ಯಾವ ಆಳು ಎದುರಾಡಲು ಹೊರಟು ತಡೆದುಕೊಂಡನೆಂದು ತಿಳಿದರೆ, ಅವನು ಎದುರಾಡುವ ದಿನದವರೆಗೆ ಕಾಯಬೇಕಾಗಿಲ್ಲ. ಅವರ ಹಿಂದೆಯೇ ಕನ್ಯೆ ನೋಡಲು ಬರುವವರು ಬಂದರು; ಕೂತಲ್ಲೇ ಫೋನಿನಲ್ಲಿ ಹುಡುಗಿಯ ಲೆಕ್ಕ ನೋಡತೊಡಗಿದರು. ಹುಡುಗಿ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದರೆ ಸಾಲದು. ಮುಚ್ಚಿದ ಬಾಯಿಯ ಹಿಂದೆ ಏನೂ ಇರಬಾರದು. ಅಂಥ ಕಿವಿಗೆ 'ಶಾಂತ ಕಿವಿ' ಎಂದರು. ಜಾತಕ ಹಿಂದೆ ಬಿತ್ತು, ಕಿವಿ ಮುಂದೆ ಬಂತು. ಹುಡುಗಿಯರು ಒಂದು ಉಪಾಯ ಕಂಡುಕೊಂಡರು: ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿ, ಅದರ ಜಾಗಕ್ಕೆ ಒಂದು 'ಹ್ಞೂಂ' ಬಿಡುವುದು. ದನಿ ಬಂತೆಂದು ಮಣಿ ಸುಮ್ಮನಾಗುತ್ತಿತ್ತು. ಊರಿನ ಓಣಿಗಳಲ್ಲಿ ಅಡುಗೆಮನೆಗೊಂದು ಹ್ಞೂಂಕಾರ ಕೇಳತೊಡಗಿತು.

ಗುರವ್ವನ ಕಿರಿಮಗಳು ಕಸ್ತೂರಿಗೆ ಅದೊಂದು ಮಾತ್ರ ಒಗ್ಗಲಿಲ್ಲ. ಹ್ಞೂಂ ಎನ್ನಲು ಹೋದರೆ ಅವಳಿಗೆ ನಗು ಬರುತ್ತಿತ್ತು.

"ಮತ್ತ ಬ್ಯಾಡಂದ್ರು," ಎಂದಳು ಗುರವ್ವ, ಬಂದವರ ಉಪ್ಪಿಟ್ಟಿನ ತಾಟು ಎತ್ತಿಡುತ್ತ. "ಹುಡುಗಿ ಛಲೋ ಅದಾಳ, ಕಿವಿ ಛಲೋ ಇಲ್ಲ ಅಂದ್ರು."

"ನಾ ಏನ್ ಮಾಡೇನಬೇ? ಆ ಮುದುಕಿ ಉಪ್ಪಿಟ್ಟಿನಾಗ ಉಪ್ಪಿಲ್ಲ, ಉಪ್ಪಿಲ್ಲ ಅನಕೋತನ ತಾಟು ಬಳಕೊಂಡ ತಿಂದಳು. ನಾ ಒಂದು ಮಾತ ಆಡೇನೇನು?"

"ಆಡಲಿಲ್ಲ. ಮಣಿ ಹಿಡೀತಲ್ಲ."

"ಮಣೀಗೆ ಉಪ್ಪಿಟ್ಟು ತಿನಿಸಬೇಕಿತ್ತು," ಎಂದಳು ಕಸ್ತೂರಿ. ಗುರವ್ವ ನಗಲಿಲ್ಲ.

ಹಿರಿಮಗಳು ಮಹಾನಂದಾ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ಇದನ್ನೆಲ್ಲ ಕೇಳಿದಳು. ಗಂಡ ತೀರಿದ ಮೇಲೆ ತವರಿಗೆ ಮರಳಿ, ಓದು ಮುಗಿಸಿ, ಕಿವಿ ಕೇಂದ್ರದಲ್ಲಿ ಕೆಲಸ ಹಿಡಿದಿದ್ದಳು. ಊರಿನ ಕಿವಿಗಳಿಂದ ಬರುವ ಅಳತೆಗಳನ್ನು ಪರದೆಯ ಮೇಲೆ ನೋಡಿ, ರೋಗದ ಕಿವಿ ಯಾವುದೆಂದು ಹೇಳುವುದು ಅವಳ ಕೆಲಸ. ತಂಗಿಯ ಕಿವಿ ಬಲು ಚೆನ್ನಾಗಿದೆಯೆಂದು ಅವಳಿಗೆ ಗೊತ್ತಿತ್ತು. ಊರಲ್ಲೇ ಅಷ್ಟು ಚುರುಕಾಗಿ ಬಿಗಿಯುವ ಸ್ನಾಯು ಇನ್ನೊಂದಿರಲಿಲ್ಲ.

ಆ ದಿನ ಕೇಂದ್ರದಲ್ಲಿ ಅವಳು ನೀಲವ್ವನ ಅಳತೆ ತೆರೆದಳು. ನೀಲವ್ವ ಊರಿಗೆಲ್ಲ ಮಾದರಿ ಸೊಸೆ. ಮದುವೆಯಾದಾಗಿನಿಂದ ನುಂಗಿದ ಮಾತು ಒಂದೂ ಇಲ್ಲ. ಸೊಸೆ ಎಂದರೆ ನೀಲವ್ವ ಎಂದು ಅತ್ತೆಯರು ಬಾಯಿತುಂಬ ಹೇಳುವರು. ಮಹಾನಂದಾ ಮರಳಿದ ಶಬ್ದವನ್ನು ಮಾತ್ರ ನೋಡುತ್ತ ಕೂತಳು. ತಮಟೆ ನೆಟ್ಟಗಿದೆ, ಗಾಳಿ ನೆಟ್ಟಗಿದೆ. ಆದರೆ ಇಡೀ ನಡುಗಿವಿ ಪೆಡಸಾಗಿದೆ, ಎಷ್ಟು ದೊಡ್ಡ ಸದ್ದು ಬಿಟ್ಟರೂ ಬಿಗಿತವಿಲ್ಲ. ಕೊನೆಯ ಎಲುಬಿನ ಸುತ್ತ ಗಂಟು ಬೆಳೆದು ಅದು ಅಂಟಿಕೊಂಡಿತ್ತು. ಎಳೆಯುವ ಸ್ನಾಯು ಇದ್ದರೂ ಅಲುಗುವ ಎಲುಬಿಲ್ಲ. ಒಂದೊಂದು ಹೆರಿಗೆಗೂ ಈ ರೋಗ ಕೆಲವರಲ್ಲಿ ಏರುತ್ತದೆ, ನೀಲವ್ವನಿಗೆ ಎರಡು ಹೆರಿಗೆಯಾಗಿತ್ತು.

ಅವಳು ಕೇಂದ್ರದ ಮುಖ್ಯಸ್ಥ ಹುಂಡೇಕಾರರನ್ನು ಕರೆದು ತೋರಿಸಿದಳು. "ಸರ್, ಈಕಿ ಶಾಂತ ಅಲ್ಲ. ಈಕಿಗೆ ರೋಗ ಐತಿ. ಆಪರೇಶನ್ ಮಾಡಿದ್ರ ಕೇಳಸ್ತೈತಿ."

ಹುಂಡೇಕಾರರು ಕನ್ನಡಕ ಏರಿಸಿ ನೋಡಿದರು. ಅವರು ಕೆಟ್ಟವರಲ್ಲ, ಸಂಜೆ ಮನೆಗೆ ಹೋಗುವಾಗ ಎಲ್ಲರ ಟೇಬಲ್ಲಿನ ದೀಪ ತಾವೇ ಆರಿಸುವಂಥವರು. "ಬಿಗಿತ ಇಲ್ಲ ಅನ್ನೂದನ್ನ ರೋಗ ಅಂತ ಹಿಡದ್ರ, ಮಹಾನಂದಾ, ವಯಸ್ಸಾದವ್ರು ಅರ್ಧ ಊರು ದವಾಖಾನ್ಯಾಗ ಕುಂದರತೈತಿ. ಮಗ್ಗ ಯಾರ ನಡಸಬೇಕು? ಮ್ಯಾಲಿನವರು ಅದನ್ನ ಶಾಂತ ಅಂತ ಹಿಡೀರಿ ಅಂದಾರ. ನಾವು ಹಿಡೀತೀವಿ."

"ಆಕಿಗೆ ಗೊತ್ತಿಲ್ಲರೀ."

"ಗೊತ್ತಾದ್ರ ಆಕಿ ಅತ್ತೀಗೂ ಗೊತ್ತಾಗತೈತಿ. ಆಕಿಗೇನ ಒಳ್ಳೇದ ಮಾಡಿದಂಗಾತು ನೀ?"

ಮಹಾನಂದಾ ಏನೂ ಹೇಳದೆ ಕೂತಳು. ಅವಳ ಕಿವಿಯಲ್ಲೂ ಮಣಿ ಇತ್ತು. ಹುಂಡೇಕಾರರು ತಮ್ಮ ಪರದೆಯ ಕಡೆ ಒಮ್ಮೆ ನೋಡಿ ಸಣ್ಣಗೆ ನಕ್ಕು ಹೋದರು.

ಸಂಜೆ ಮನೆಯಲ್ಲಿ ಕಸ್ತೂರಿ ಉಂಡಿರಲಿಲ್ಲ. ಬೆಳಗಿನ ನಗೆಚಾಟಿಕೆ ಇಳಿದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತನ್ನ ಜೊತೆ ನೂಲಿನ ಕಂಡಿಕೆ ಸುತ್ತಿದ ಗೆಳತಿಯರೆಲ್ಲ ಗಂಡನ ಮನೆ ಸೇರಿದ್ದರು. ಮಹಾನಂದಾ ಪಕ್ಕದಲ್ಲಿ ಕೂತು, ಸಮಾಧಾನವಾಗಲಿ ಎಂದು ಹೇಳಿಬಿಟ್ಟಳು: "ಊರಾಗ ಶಾಂತ ಕಿವಿ ಅಂತಾರಲ್ಲ, ಅದು ತಾಳ್ಮಿ ಅಲ್ಲ ತಂಗಿ. ನೀಲವ್ವನ ಕಿವ್ಯಾಗ ಎಲುಬು ಅಂಟಿ, ಅದನ್ನ ಜಗ್ಗೂ ಎಳಿ ಕೆಲಸ ನಿಂದರಿಸೇತಿ, ಅಷ್ಟ. ಆ ಎಳಿ ಎಳೀಲಿಲ್ಲ ಅಂದ್ರ ಮಣೀಗೆ ಏನೂ ಕಾಣೂದಿಲ್ಲ. ಆಕಿ ಒಳಗ ಎಷ್ಟ ಕುದ್ದರೂ ಕಾಣೂದಿಲ್ಲ. ನಿಂದು ಛಲೋ ಕಿವಿ. ಅದಕ್ಕ ನಿನ್ನ ಬ್ಯಾಡಂತಾರ."

ಕಸ್ತೂರಿ ಎದ್ದು ಕೂತು ಮೂಗು ಒರೆಸಿಕೊಂಡಳು. "ಹಂಗಾರ ರೋಗ ಇದ್ದಾಕಿಗೆ ಮದವಿ, ನೆಟ್ಟಗಿದ್ದಾಕಿಗೆ ಇಲ್ಲ."

ಒಲೆಯ ಮುಂದೆ ಗುರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. "ಆ ಎಳಿ ಎಷ್ಟ ದಪ್ಪ ಇರತೈತಿ?" ಎಂದು ಕೇಳಿದಳು.

"ನಮ್ಮ ನೂಲಿನ ಎಳಿಗಿಂತ ಸಣ್ಣದಬೇ. ಯಾಕ?"

"ಸುಮ್ಮ ಕೇಳಿದೆ," ಎಂದು ಗುರವ್ವ ಮತ್ತೆ ರೊಟ್ಟಿ ಬಡಿದಳು.

ಕೆಲವು ವಾರ ಕಳೆದು, ತರಬೇತಿಗೆಂದು ಮಹಾನಂದಾ ಧಾರವಾಡಕ್ಕೆ ಹೋಗಿ ಬರುವಷ್ಟರಲ್ಲಿ ಕಸ್ತೂರಿಯನ್ನು ಸೋದರತ್ತೆಯ ಊರಿಗೆ ಕಳಿಸಿದ್ದಾಗಿ ಗುರವ್ವ ಹೇಳಿದಳು. ಅತ್ತೆಗೆ ಮೈಯಲ್ಲಿ ಆರಾಮವಿಲ್ಲವಂತೆ. ಕೇಂದ್ರದ ಪರದೆಯ ಮೇಲೆ ಕಸ್ತೂರಿಯ ಜಾಗ ಖಾಲಿ ಇತ್ತು, ಮಣಿ ತೆಗೆದಿದ್ದಳು. ಹಳ್ಳಿಯಲ್ಲಿ ಯಾರು ಹಾಕಿಕೊಳ್ಳುತ್ತಾರೆ ಎಂದುಕೊಂಡಳು ಮಹಾನಂದಾ.

ಒಂದು ಮುಂಜಾನೆ ಆ ಜಾಗದಲ್ಲಿ ಅಳತೆ ಕಾಣಿಸಿತು. ಎರಡೂ ತಮಟೆ ಸಡಿಲ, ಈಚೆಗೆ ಕೊಯ್ದು ಎತ್ತಿ ಮರಳಿ ಮಲಗಿಸಿದ ತಮಟೆ ಇರುವ ಹಾಗೆ. ಸದ್ದು ಬಿಟ್ಟರೆ ಬಿಗಿತವಿಲ್ಲ. ನುಂಗಿದ ಮಾತು ಇಲ್ಲವೇ ಇಲ್ಲ. ಮಹಾನಂದಾ ಚೀಲವನ್ನೂ ತೆಗೆದುಕೊಳ್ಳದೆ ಮನೆಗೆ ಓಡಿದಳು.

ಕಸ್ತೂರಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಾಟಿಗೆ ತಾಟು ತಾಗಿದಾಗ ಹಲ್ಲು ಕಚ್ಚಿ ಹೆಗಲು ಕುಗ್ಗಿಸುತ್ತಿದ್ದಳು.

"ಏನ್ ಮಾಡಿಸ್ಕೊಂಡೀ?"

"ಮೆತ್ತಗ ಮಾತಾಡಕ್ಕ," ಎಂದಳು ಕಸ್ತೂರಿ, ಉಸಿರಿನಲ್ಲೇ. "ನಂದ ದನಿ ನಂಗ ಬಡದಂಗ ಆಗತೈತಿ. ಕೊಡದಾಗ ತಲಿ ಹಾಕಿ ಕೂಗಿದಂಗ."

ಗುರವ್ವ ಬಾಗಿಲಲ್ಲಿ ನಿಂತಳು. ಅವಳ ಮುಖದಲ್ಲಿ ಅಂಜಿಕೆ ಇರಲಿಲ್ಲ. "ಒಂದ ಎಳಿ ಕತ್ತರಿಸ್ಯಾರ, ಅಷ್ಟ. ಮಗ್ಗದಾಗ ದಿನಾ ಎಷ್ಟ ಎಳಿ ಹರೀತಾವ, ಅರಿವಿ ನೇಯೂದ ನಿಂತೈತೇನು? ಗಡಿಯಾಚೆ ಒಬ್ಬ ಡಾಕ್ಟರ್ ಅದಾನ. ನೀ ಹೇಳಿದ್ದನ್ನ ಅವಂಗ ಹೇಳಿದೆ. ಅಂವ ಹೌದಂದ."

"ನಾ ಹೇಳಿದ್ದು ಅದಕ್ಕೇನಬೇ?"

"ಎದಕ್ಕರ ಹೇಳು. ಉಪಯೋಗ ಆತಿಲ್ಲ?"

ಮಹಾನಂದಾ ತಂಗಿಯ ಕಡೆ ತಿರುಗಿದಳು. ಕಸ್ತೂರಿ ತಾಟಿನ ಬೂದಿ ತೊಳೆಯುತ್ತ, "ನಾನ ಹೂಂ ಅಂದೆ. ಅವ್ವನ ಬೈಬ್ಯಾಡ," ಎಂದಳು. ಆ ಎರಡು ಮಾತಿಗೇ ಅವಳ ಹಣೆ ಗಂಟಿಕ್ಕಿತ್ತು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ಈಗ ಬೇಕಾದ್ದಕ್ಕೆ ಕೈಸನ್ನೆ ಮಾಡತೊಡಗಿದಳು. ಮಣಿಯ ಲೆಕ್ಕ ಸುಳ್ಳಾದರೂ ಹುಡುಗಿ ನಿಜಕ್ಕೂ ಬಾಯಿ ಮುಚ್ಚಿದ್ದಳು. ಮಾತಾಡಿದರೆ ನೋಯುತ್ತಿತ್ತು.

ಬಂಗಾರೆವ್ವನ ಮನೆಯವರು ಹೆಣ್ಣು ನೋಡಲು ಬಂದದ್ದು ಆಗ. ಓಣಿಯ ತುದಿಯ ದೊಡ್ಡ ಶೆಡ್ಡು ಅವರದು, ಒಬ್ಬನೇ ಮಗ ಸಿದ್ಧಲಿಂಗ. ಬಂಗಾರೆವ್ವ ಕಸ್ತೂರಿಯನ್ನು ಕೂರಿಸಿಕೊಂಡು ಹಂಗಿಸಿದಳು, ಚುಚ್ಚಿದಳು, ತೀರಿಕೊಂಡ ಅಪ್ಪನನ್ನೂ ಒಮ್ಮೆ ಎಳೆದು ತಂದಳು. ಮಣಿ ನುಂಗಿದ ಮಾತು ಒಂದನ್ನೂ ತೋರಿಸಲಿಲ್ಲ. "ಇಂಥಾ ಹುಡುಗಿ ಇಷ್ಟ ದಿನ ಎಲ್ಲಿ ಇಟ್ಟಿದ್ರಿ?" ಎಂದು ಸಂಬಂಧ ಗಟ್ಟಿಮಾಡಿ ಸಕ್ಕರೆ ಹಂಚಲು ಹೇಳಿದಳು.

ಮದುವೆಗೆ ಮೊದಲು ಹುಡುಗಿಯನ್ನು ಕೇಂದ್ರಕ್ಕೆ ಕರೆತಂದು ದೊಡ್ಡ ಯಂತ್ರದಲ್ಲಿ ಅಳೆಯುವುದು ಪದ್ಧತಿಯಾಗಿತ್ತು. ಕಸ್ತೂರಿಯ ಸರದಿ ಮಹಾನಂದಾಳ ಕೋಣೆಗೇ ಬಂತು. ಗಾಜಿನ ಆಚೆ ಎರಡೂ ಮನೆಯವರು ಕೂತಿದ್ದರು. ಮಹಾನಂದಾ ತಂಗಿಯ ಕಿವಿಗೆ ನಳಿಕೆ ಹಿಡಿದು ಗಾಳಿಯ ಒತ್ತಡ ಏರಿಸಿದಳು, ಇಳಿಸಿದಳು. ಕೊಯ್ದ ತಮಟೆಯ ಸಡಿಲು ಇನ್ನೂ ಹೋಗಿರಲಿಲ್ಲ. ಒಂದು ಗುಂಡಿ ಒತ್ತಿದರೆ 'ಶಸ್ತ್ರಕ್ರಿಯೆ ಆಗಿದೆ' ಎಂದು ಆಚೆಯ ಪರದೆಯ ಮೇಲೆ ಬೀಳುತ್ತಿತ್ತು.

"ಒತ್ತಲೇನು?" ಎಂದು ಅವಳು ಉಸಿರಿನಲ್ಲಿ ಕೇಳಿದಳು. "ಅವರ ಶೆಡ್ಡಿಗೆ ಹೋದ್ರ ನಿನ್ನ ಕಿವಿ ಉಳಿಯೂದಿಲ್ಲ. ಕಾಯೂ ಎಳೀನ ಇಲ್ಲೀಗ."

"ಒತ್ತಿದ್ರ ಹರದ ಎಳಿ ಕೂಡತೈತೇನು?"

ಮಹಾನಂದಾ ತಲೆ ಅಲ್ಲಾಡಿಸಿದಳು. ಅದು ಕೂಡುವುದಿಲ್ಲ.

"ಹಂಗಾರ ಕೊಯ್ಸಿಕೊಂಡದ್ದಾದರೂ ಉಪಯೋಗಕ್ಕ ಬರ್ಲಿ ಬಿಡಕ್ಕ. ಕಿವೀನೂ ಹೋಗಿ, ಮದವೀನೂ ಹೋಗಿ, ನಿಮ್ಮಿಬ್ಬರ ನಡುವ ಕುಂತು ನಾ ಏನ ಮಾಡ್ಲಿ?" ಅಷ್ಟು ಹೇಳಿ ಕಸ್ತೂರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

ಮಹಾನಂದಾ ಗುಂಡಿ ಒತ್ತಲಿಲ್ಲ. ಗಾಜಿನ ಆಚೆ ಬಂಗಾರೆವ್ವ ಬೀಗತಿಯ ಕೈ ಹಿಡಿದು ನಕ್ಕಳು.

ಮದುವೆಯಾಗಿ ಅರಿಸಿನ ಆರುವ ಮೊದಲೇ ಕಸ್ತೂರಿಯನ್ನು ಶೆಡ್ಡಿನ ನಟ್ಟನಡುವಿನ ಮಗ್ಗಗಳಿಗೆ ನಿಲ್ಲಿಸಿದರು. ಆ ಜಾಗಕ್ಕೆ ಆಳುಗಳು ಒಲ್ಲೆ ಎನ್ನುತ್ತಿದ್ದರು. ನಾಲ್ಕೂ ಕಡೆಯ ಸದ್ದು ಅಲ್ಲಿ ಕೂಡುತ್ತದೆ. ಸ್ವಲ್ಪ ಹೊತ್ತಿಗೇ ಅವರ ಮಣಿ ಕೂಗಿಕೊಂಡು, ಕಾಯಿದೆಯಂತೆ ಅವರನ್ನು ಹೊರಗೆ ಕಳಿಸಬೇಕಾಗುತ್ತಿತ್ತು. ಕಸ್ತೂರಿಯ ಮಣಿ ಕೂಗಲೇ ಇಲ್ಲ. ಸ್ನಾಯು ಬಿಗಿದು ಬಿಗಿದು ದಣಿದಾಗ ಕೂಗಲೆಂದು ಮಾಡಿದ ಮಣಿ ಅದು. ಬಿಗಿಯುವುದೇ ಇಲ್ಲದಾಗ ಅದಕ್ಕೆ ಎಲ್ಲವೂ ಕ್ಷೇಮ. "ನನ್ನ ಸೊಸಿಗೆ ಮಗ್ಗದ ಸಪ್ಪಳ ಜೋಗುಳ ಇದ್ದಂಗ," ಎಂದು ಬಂಗಾರೆವ್ವ ಓಣಿಯಲ್ಲಿ ಹೇಳಿಕೊಂಡಳು.

ಮಹಾನಂದಾ ದಿನವೂ ಪರದೆಯ ಮೇಲೆ ತಂಗಿಯ ಅಳತೆ ನೋಡುತ್ತಿದ್ದಳು. ತಮಟೆ ಗಟ್ಟಿಯಾಯಿತು. ಗಾಳಿ ಸರಿ, ಎಲುಬು ಸರಿ. ಕಡೆಗೊಂದು ದಿನ ಹುಂಡೇಕಾರರ ಮುಂದೆ ನಿಂತು ಎಲ್ಲ ಹೇಳಿದಳು, ಕೊಯ್ಸಿದ್ದನ್ನೂ ಹೇಳಿದಳು. "ಒಳಗಿವಿ ನರ ಸಾಯಾಕತ್ತಿರಬೇಕು ಸರ್. ಆಕೀನ ಕರಸಿ ನೋಡ್ರಿ."

"ನಮ್ಮ ಯಂತ್ರ ನಡುಗಿವಿ ತನಕ," ಎಂದರು ಹುಂಡೇಕಾರರು. "ಅದರ ಆಚಿಕಿಂದು ನಮ್ಮದಲ್ಲ. ನಡುಗಿವಿ ನೋಡಿದ್ರ ನಿನ್ನ ತಂಗೀದು ಊರಾಗ ಮೊದಲನೇ ನಂಬರ್ ಐತಿ. ಸಂತೋಷ ಪಡು." ಆಮೇಲೆ ದನಿ ತಗ್ಗಿಸಿ, "ಆ ಡಾಕ್ಟರ್ ಎಲ್ಲಿರ್ತಾನ? ನಮ್ಮ ತಮ್ಮಗ ಇಬ್ಬರು ಹುಡುಗ್ಯಾರ ಅದಾರ," ಎಂದು ಕೇಳಿದರು.

ನಾಗರಪಂಚಮಿ ಬಂತು. ಹೆಣ್ಣುಮಗಳನ್ನು ತವರಿಗೆ ಕರೆತರುವ ಹಬ್ಬ. ಶೇಂಗಾ ಉಂಡಿಯ ಡಬ್ಬಿ ಕಟ್ಟಿಕೊಂಡು ಮಹಾನಂದಾ ಬಂಗಾರೆವ್ವನ ಮನೆಗೆ ಹೋದಳು. ಮನೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ. ಪಡಸಾಲೆಯಲ್ಲಿ ಬಂಗಾರೆವ್ವನ ತವರಿನ ಹೆಂಗಸರು ಬಂದು ಕೂತಿದ್ದರು. ಹೆಸರಾದ ಸೊಸೆಯನ್ನು ನೋಡಿಹೋಗಲು ಬಂದವರು. ಮಗ್ಗದ ಸದ್ದಿಗೆ ಯಾರೂ ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ನೇಕಾರರ ಮನೆಯಲ್ಲಿ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಚಹ ಬೇಕೇ, ಬೇಡವೇ, ಬಿಸಿಲು ಹೆಚ್ಚಾಯಿತು, ಎಲ್ಲ ತುಟಿಯಲ್ಲೇ. ಬಂಗಾರೆವ್ವ ಒಳಗೆ ಹೋಗು ಎಂದು ತುಟಿ ಆಡಿಸಿ ನಡುಮನೆ ತೋರಿಸಿದಳು.

ಕಿಟಕಿಯಿಲ್ಲದ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಕಸ್ತೂರಿ ಬೆನ್ನು ತಿರುಗಿಸಿ ಪೆಟ್ಟಿಗೆಗೆ ಸೀರೆ ತುಂಬುತ್ತಿದ್ದಳು. ಮಹಾನಂದಾ ಹತ್ತಿರ ಹೋಗಿ ಕರೆದಳು. ಇನ್ನೂ ಹತ್ತಿರ ಹೋಗಿ, ಕಿವಿಯ ಬಳಿ ಬಾಯಿಟ್ಟು ಕೂಗಿದಳು. ಉಸಿರು ತಾಗಿದ ಮೇಲೆ ಕಸ್ತೂರಿ ತಿರುಗಿ, ನಕ್ಕು, ಅಪ್ಪಿಕೊಂಡಳು.

"ನಾ ಕರದದ್ದು ಕೇಳಲಿಲ್ಲೇನು?"

ಕಸ್ತೂರಿ ಅಕ್ಕನ ತುಟಿ ನೋಡಿದಳು. "ಈ ಸಪ್ಪಳದಾಗ ಯಾರಿಗೆ ಕೇಳತೈತಕ್ಕ," ಎಂದಳು, ಗೋಡೆಯಾಚೆಯ ಸದ್ದಿನಲ್ಲೂ ಅಕ್ಕನಿಗೆ ಕೇಳುವಷ್ಟು ಜೋರಾಗಿ. ಅವಳ ಹಣೆ ಗಂಟಿಕ್ಕಲಿಲ್ಲ. "ಒಂದ ಸುದ್ದಿ ಹೇಳ್ತೇನಿ ಬಾ. ನನ್ನ ಕಿವಿ ಆರಾಮಾತು. ಈಗ ನನ್ನ ದನಿ ನಂಗ ಬಡಿಯೂದಿಲ್ಲ. ಮದಲಿನಂಗ ಮಾತಾಡ್ತೇನಿ ನೋಡು. ಸಪ್ಪಳ ಎಲ್ಲಾ ಹತ್ತಿಯಾಗ ಸುತ್ತಿದಂಗ ಮೆತ್ತಗ ಆಗೇತಿ. ಗಾಯ ಮಾಯಿತಲ್ಲ, ಅದಕ್ಕ."

ಮಹಾನಂದಾ ಪೆಟ್ಟಿಗೆಯ ಅಂಚು ಹಿಡಿದು ಕೂತಳು. ಗಾಯ ಮಾಯುವುದಕ್ಕೂ ನರ ಸಾಯುವುದಕ್ಕೂ ಇರುವ ಅಂತರ ಅವಳಿಗೆ ಗೊತ್ತಿತ್ತು. ಹೇಗೆ ಹೇಳುವುದೆಂದು ಅವಳು ಯೋಚಿಸುತ್ತಿರುವಾಗಲೇ ಕರೆಂಟು ಹೋಯಿತು.

ನಡುಮನೆ ಕತ್ತಲಾಯಿತು. ಗೋಡೆಯಾಚೆ ಮಗ್ಗಗಳು ಒಂದೊಂದಾಗಿ ನಿಂತವು. ಕಡೆಯ ಮಗ್ಗದ ಲಾಳಿಯೂ ಸುಮ್ಮನಾದಾಗ ಪಡಸಾಲೆಯಲ್ಲಿ ಯಾರೋ ಬಳೆ ಸರಿಸಿಕೊಂಡದ್ದು ಕೂಡ ಕೇಳಿಸಿತು.

ಕಸ್ತೂರಿಗೆ ಕತ್ತಲಾದದ್ದಷ್ಟೇ ತಿಳಿಯಿತು. ಅವಳು ಅಕ್ಕನ ಭುಜಕ್ಕೆ ಒರಗಿ, ಗುಟ್ಟು ಹೇಳುವವರ ಹಾಗೆ ತಲೆ ಬಾಗಿಸಿ, ಶೆಡ್ಡಿನ ತುದಿಯಿಂದ ಆಳನ್ನು ಕೂಗುವಷ್ಟು ದೊಡ್ಡ ದನಿಯಲ್ಲಿ ಮಾತಾಡತೊಡಗಿದಳು.

"ಈ ಮುದುಕಿ ಐತೆಲ್ಲಕ್ಕ, ನನ್ನ ತಾಟಿನಾಗಿನ ರೊಟ್ಟಿ ಕದ್ದ ನೋಡತೈತಿ. ಅದರ ಮಗ ಅದಕ್ಕಿಂತ ಹೆಚ್ಚು, ಹೆಂಡ್ತಿ ಕಡೆ ನೋಡೂದಕ್ಕೂ ಅವ್ವನ್ನ ಕೇಳ್ತಾನ. ನನ್ನ ಶಾಂತ, ಶಾಂತ ಅಂತಾರ. ನಾ ಒಳಗ ದಿನಾ ಎಷ್ಟ ಬೈತೇನಿ ಅಂತಿ? ಆ ಮಣೀಗೆ ಒಂದೂ ಗೊತ್ತಾಗೂದಿಲ್ಲ. ನಾ ಎಳೀನ ಕೊಯ್ಸಿಕೊಂಡ ಬಂದೇನಿ ಅಂತ ಇವರಿಗೇನ ಗೊತ್ತು?"

ಪಡಸಾಲೆಯಲ್ಲಿ ತಾಟೊಂದನ್ನು ನೆಲಕ್ಕಿಟ್ಟ ಸದ್ದಾಯಿತು. ಕಸ್ತೂರಿಯ ಬೆನ್ನ ಹಿಂದೆ, ಬಾಗಿಲ ಬೆಳಕಿಗೆ ಅಡ್ಡವಾಗಿ ಬಂಗಾರೆವ್ವ ಬಂದು ನಿಂತಳು. ಅವಳ ಹಿಂದೆ ಇನ್ನೂ ಮೂರ್ನಾಲ್ಕು ತಲೆ.

ಮಹಾನಂದಾ "ಸುಮ್ಮನಿರು, ಸುಮ್ಮನಿರು" ಎಂದು ತುಟಿ ಆಡಿಸಿದಳು. ಕತ್ತಲಲ್ಲಿ ಅದು ಕಾಣಲಿಲ್ಲ. ಬೇರೆ ದಾರಿ ತೋಚದೆ ತಂಗಿಯ ಬಾಯಿಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದಳು.

ಚಿಕ್ಕಂದಿನಲ್ಲಿ ಆಡುತ್ತಿದ್ದ ಹಾಗೆ ಅಕ್ಕ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ಕಸ್ತೂರಿ ಕಿಲಕಿಲ ನಕ್ಕಳು. ಆ ಕೈಯನ್ನು ಬಿಡಿಸಿ, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ತಡೀಯಕ್ಕ, ಇನ್ನೂ ಐತಿ, ಪೂರಾ ಕೇಳು," ಎಂದು ಮುಂದಿನದನ್ನು ಹೇಳತೊಡಗಿದಳು.